ಊಟ ಬಿಟ್ಟು ದಿನಕ್ಕೆ ಎಷ್ಟು?

ನನಗೊಂದು ಚಾಳಿಯಿದೆ. ಯಾವ ಖರ್ಚನ್ನು ಕಂಡರೂ ಅದನ್ನು ದಿನಗಳಿಂದ ಭಾಗಿಸದೆ ನನಗೆ ಸಮಾಧಾನವಾಗುವುದಿಲ್ಲ. ಚಪ್ಪಲಿ ಕಿತ್ತುಹೋದ ದಿನ ಹೊಸದರ ಚಿಂತೆಗಿಂತ ಮೊದಲು ಹಳೆಯದು ದಿನಕ್ಕೆ ಎಷ್ಟು ಬಿತ್ತು ಎಂದು ನೋಡುತ್ತೇನೆ. ಕನ್ನಡಕ, ಕೊಡೆ, ಮದುವೆಗೆ ಹೊಲಿಸಿ ಎರಡೇ ಸಲ ತೊಟ್ಟ ಕೋಟು, ಎಲ್ಲದಕ್ಕೂ ನನ್ನ ತಲೆಯಲ್ಲಿ ದಿನದ ದರವಿದೆ. ಒಮ್ಮೆ ನನ್ನ ಹೆಂಡತಿ ಗಿರಿಜ, "ನನ್ನ ಮಾಂಗಲ್ಯದ ಸರಕ್ಕೂ ಲೆಕ್ಕ ಹಾಕಿರಬೇಕಲ್ಲ ನೀವು?" ಎಂದು ಕೇಳಿದಳು. ಹಾಕಿದ್ದೆ. ಆಗಲೇ ಅದು ದಿನಕ್ಕೆ ಒಂದು ಟೀಗಿಂತ ಅಗ್ಗಕ್ಕೆ ಇಳಿದಿತ್ತು. ಹೇಳುವ ಧೈರ್ಯ ಬರಲಿಲ್ಲ.

ಪಂಚನಹಳ್ಳಿಯಲ್ಲಿ ನನ್ನದು ಬೋರ್‌ವೆಲ್ ಮೋಟರು ರಿಪೇರಿಯ ಅಂಗಡಿ. ಆದರೆ ಸುತ್ತಿನ ಹಳ್ಳಿಗಳಲ್ಲಿ ನನ್ನ ಹೆಸರು ಇರುವುದು ಇನ್ನೊಂದು ಕೆಲಸಕ್ಕೆ. ಇಪ್ಪತ್ತು ವರ್ಷ, ವರ್ಷಕ್ಕೊಂದರಂತೆ, ನಲವತ್ತು ಜನರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಎಂಟು ದಿನದ ಯಾತ್ರೆ ಮಾಡಿಸಿದ್ದೇನೆ. ಕಾಶಿಗೆ ಹೋದಾಗ ಮಾತ್ರ ಬಸ್ಸು ಬಿಟ್ಟು ರೈಲು. ಹೋಟೆಲ್ ಊಟ ನಮಗೆ ಒಗ್ಗದು, ಒಗ್ಗಿದರೂ ಅದರ ಬಿಲ್ಲು ಒಗ್ಗದು. ಆದ್ದರಿಂದ ಅಕ್ಕಿ, ಬೇಳೆ, ತೋಟದ ಕಾಯಿ, ಗ್ಯಾಸಿನ ಒಲೆ, ಪಾತ್ರೆ, ಇವುಗಳ ಜೊತೆಗೆ ಅಡುಗೆಯವನು, ಎಲ್ಲವೂ ನಮ್ಮೊಂದಿಗೇ ಬರುತ್ತಿದ್ದವು. ಬಸ್ಸು ನಿಂತಲ್ಲಿ ಒಲೆ ಹೊತ್ತುತ್ತಿತ್ತು. ಕೊನೆಯ ಸಲ ತಲೆಗೆ ಒಂಬತ್ತು ಸಾವಿರದ ಆರುನೂರು, ಅಂದರೆ ದಿನಕ್ಕೆ ಸಾವಿರದ ಇನ್ನೂರು ಬಿದ್ದಿತ್ತು. ಈ ಅಂಕಿಯನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ, ಕ್ಷಮಿಸಬೇಕು.

ಆದರೆ ಯಾತ್ರಿಕರ ಮೊಣಕಾಲುಗಳು ನನ್ನ ಲೆಕ್ಕವನ್ನು ಕೇಳುವುದಿಲ್ಲ. ಈಚೆಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಬೆಟ್ಟ ಹತ್ತಿದಂತಾಗಿ, ಹಳಬರಲ್ಲಿ ನಾವು ಎಂಟೇ ಜನ ಉಳಿದೆವು. "ಹತ್ತೋದು ಇಳಿಯೋದು ಇಲ್ಲದ ಜಾಗ ಯಾವುದಾದ್ರೂ ಐತೇನ್ರೀ?" ಎಂದು ಗಿರಿಜ ಕೇಳಿದಳು. ಅದೇ ವಾರ ನನ್ನ ಫೋನಿನಲ್ಲಿ ಒಂದು ಹಡಗಿನ ಜಾಹೀರಾತು ಬಂತು. ಮುಂಬಯಿಯಲ್ಲಿ ಹತ್ತಿದರೆ ಗೋವಾ ತೋರಿಸಿ ಮುಂಬಯಿಗೇ ತಂದು ಬಿಡುತ್ತಾರಂತೆ. ಕುತೂಹಲ ಹುಟ್ಟಿತು. ನನ್ನ ಕುತೂಹಲ ಹಡಗಿನ ಮೇಲಿರಲಿಲ್ಲ, ದಿನಕ್ಕೆ ಎಷ್ಟು ಎಂಬುದರ ಮೇಲಿತ್ತು.

ಮೊದಲು ಕಡೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಟಿಕೆಟ್ ಮಾಡಿಕೊಡುವ ಹುಡುಗಿಯನ್ನು ಕೇಳಿದೆ. ಅವಳು ರಾತ್ರಿಗೆ ಹತ್ತು ಸಾವಿರದ ಚಿಲ್ಲರೆ ಎಂದಳು. ತರೀಕೆರೆಯವನು ಅದೇ ಹಡಗಿಗೆ, ಅದೇ ಕೋಣೆಗೆ ಆರು ಸಾವಿರ ಎಂದ, ತೆರಿಗೆ, ಬಂದರಿನ ಶುಲ್ಕ, ಸೇವಾಶುಲ್ಕಗಳನ್ನು ಬಾಯಿಬಿಟ್ಟು ಕೇಳಿದ ಮೇಲೆ ಒಂದೊಂದಾಗಿ ಹೊರಗೆ ತೆಗೆದ. ಅಜ್ಜಂಪುರದವನು ಈವರೆಗೆ ಒಂದು ದೋಣಿಯ ಟಿಕೆಟ್ಟನ್ನೂ ಮಾರಿರಲಿಲ್ಲ. ಆದರೂ ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಕ್ಯಾಲೆಂಡರು ಕೊಟ್ಟ. ಮೂರೂರು ಸುತ್ತಿದ ಮೇಲೆ ತಿಳಿದದ್ದು, ಎಲ್ಲ ಸೇರಿ ತೀರಾ ಅಗ್ಗದ ಕೋಣೆಗೇ ತಲೆಗೆ ಮೂವತ್ತೆರಡು ಸಾವಿರ. ಹುಡುಗಿ ಅದನ್ನು ಮೂರು ರಾತ್ರಿಗೆ ಭಾಗಿಸಿದ್ದಳು. ನಾನು ನಾಲ್ಕು ಹಗಲಿಗೆ ಭಾಗಿಸಿ ಎಂಟು ಸಾವಿರಕ್ಕೆ ಇಳಿಸಿದೆ. ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಶುರುವಾಗುತ್ತದೆ, ಹಡಗಿನವರದು ಹಾಸಿಗೆಯಿಂದ. ಕತ್ತಲಲ್ಲಿ ಕಣ್ಣುಮುಚ್ಚಿ ಮಲಗುವುದನ್ನು ಪ್ರವಾಸದ ಅಳತೆಗೋಲು ಮಾಡಿಕೊಂಡವರ ಧೈರ್ಯ ಮೆಚ್ಚಬೇಕಾದ್ದೇ. ಬಾಲ್ಕನಿಯ ಕೋಣೆಗೆ ಒಂದು ದರ, ಕಿಟಕಿಯದಕ್ಕೆ ಒಂದು, ಸಮುದ್ರವೇ ಕಾಣದ ಒಳಕೋಣೆಗೆ ಒಂದು. ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಟವೆಲ್ ಹಾಕಿದರೆ ಸಾಕಿತ್ತು. ಮಲಗುವುದಕ್ಕೆ ಕಿಟಕಿ ಯಾಕೆಂದು ನಾನು ಒಳಕೋಣೆಗಳಿಗೇ ಮನಸ್ಸು ಮಾಡಿದೆ.

ಹಾಗಿದ್ದರೂ ಎಂಟು ಸಾವಿರ ಎಲ್ಲಿ, ಸಾವಿರದ ಇನ್ನೂರು ಎಲ್ಲಿ? ಇಪ್ಪತ್ತು ವರ್ಷದ ಅನುಭವಸ್ಥನಿಗೆ ಉಪಾಯ ಹೊಳೆಯದೇ ಇರುತ್ತದೆಯೇ? ಕಡೂರಿನ ಹುಡುಗಿಯ ಮುಂದೆ ಮತ್ತೆ ಹೋಗಿ ಕೂತು, "ಊಟ ಬಿಟ್ಟು ದಿನಕ್ಕೆ ಎಷ್ಟಾಯ್ತದಮ್ಮ? ಅಕ್ಕಿ, ಬೇಳೆ, ಕಾಯಿ, ಅಡುಗೆಯೋನು, ಎಲ್ಲ ನಮ್ಮದೇ" ಎಂದೆ.

ಅವಳು ನನ್ನನ್ನು ನೋಡಿದಳು. ಪಾಪ, ಒಳ್ಳೆಯ ಹುಡುಗಿ, ನಗಲಿಲ್ಲ. ಕಂಪನಿಗೆ ಫೋನು ಮಾಡಿ ಇಂಗ್ಲಿಷಿನಲ್ಲಿ ಕೇಳಿದಳು. ಆ ಕಡೆಯವರಿಗೆ ಪ್ರಶ್ನೆಯನ್ನು ಮೂರು ಸಲ ಬಿಡಿಸಿ ಹೇಳಬೇಕಾಯಿತು. ಕೊನೆಗೆ ಫೋನಿಟ್ಟು, "ಒಲೆ ಹಚ್ಚಂಗಿಲ್ಲವಂತೆ ಅಂಕಲ್. ನೀವು ಉಂಡ್ರೂ ಅಷ್ಟೇ, ಉಪವಾಸ ಮಾಡಿದ್ರೂ ಅಷ್ಟೇ ಅಂತೆ" ಎಂದಳು.

ಹೀಗಾಗಿ ಈ ವರ್ಷ ಅಡುಗೆಗೆ ಜನ ಬೇಡವಾಯಿತು. ಆ ಮಾತನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲವೆಂದು ನಾನೇ ಚೌಳಹಿರಿಯೂರಿಗೆ ಹೋದೆ. ಇಪ್ಪತ್ತು ಯಾತ್ರೆಗೂ ಅಡುಗೆ ಮಾಡಿದ ಓಂಕಾರಣ್ಣ ಇರುವುದು ಅಲ್ಲಿ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಸಣಕಲು ಆಳು, ಸೌಟು ಹಿಡಿದರೆ ಮಾತ್ರ ಎತ್ತರವಾಗಿ ಕಾಣುತ್ತಾನೆ. ಹಡಗಿನ ವಿಷಯ ಹೇಳಿದೆ. ಕೆಲಸ ತಪ್ಪಿತೆಂದು ಅವನು ಬೇಸರ ಮಾಡಿಕೊಳ್ಳಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಸುತ್ತಾ ಉಪ್ಪುನೀರು. ಬೇಳೆ ಬೇಯಿಸಾಕೆ ನೀರೆಲ್ಲಿಂದ ತತ್ತಾರೆ ರಾಜಣ್ಣ?"

ನನಗೆ ಗೊತ್ತಿರಲಿಲ್ಲ. ಮೂರೂರು ಸುತ್ತಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ ಎಂದು ಸ್ವಲ್ಪ ನಾಚಿಕೆಯೂ ಆಯಿತು. ನೀರಿನ ವಿಚಾರದಲ್ಲಿ ಓಂಕಾರಣ್ಣ ಪಂಡಿತ. ಭರತಖಂಡವನ್ನು ಜನ ಭಾಷೆಯಿಂದ, ಬೆಟ್ಟದಿಂದ, ನದಿಯಿಂದ ಭಾಗ ಮಾಡುತ್ತಾರೆ. ಅವನು ತೊಗರಿಬೇಳೆಯಿಂದ ಭಾಗ ಮಾಡಿದ್ದಾನೆ. ನಮ್ಮ ಕಡೆಯ ಬೋರಿನ ನೀರಿನಲ್ಲಿ ಬೇಳೆ ಗಂಟೆಗಟ್ಟಲೆ ಕುದಿದರೂ ಕಾಳಾಗಿಯೇ ಇರುತ್ತದೆ. "ಕಾಶೀಲಿ ಇಟ್ಟು ತಿರುಗಾದ್ರೊಳಗೆ ಅರಳ್ತದೆ. ರಾಮೇಶ್ವರ ಮಾತ್ರ ಬ್ಯಾಡ ಕಣ್ರೀ, ಒಂದು ಸಿಲಿಂಡರ್ ಜಾಸ್ತಿ ತಿಂತು" ಎಂದು ಅವನು ಶುರುಮಾಡಿದರೆ ಕೇಳುತ್ತ ಕೂರಬಹುದು.

"ಆ ರಾಮೇಶ್ವರದಲ್ಲಿ ನೋಡಿದ್ದೆವಲ್ಲ, ಅಂಥದ್ದೇ ಸಮುದ್ರ ಕಣಣ್ಣ" ಎಂದೆ.

"ನಾನೆಲ್ಲಿ ನೋಡ್ದೆ? ನೀವು ಸಮುದ್ರಕ್ಕೆ ಹೋದಾಗ ನಾನು ಚಿತ್ರಾನ್ನಕ್ಕೆ ಒಗ್ಗರಣೆ ಹಾಕ್ತಿದ್ದೆ. ನೀವು ಒದ್ದೆಬಟ್ಟೆ ತಂದು ಹಗ್ಗದ ಮೇಲೆ ಹಾಕಿದ್ರಲ್ಲ, ಅದನ್ನ ನೋಡಿದೀನಿ."

ದೂರಿನ ದನಿಯೇ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ, ಅಷ್ಟೆ. ಕಾಶಿಯಲ್ಲಿ? ಛತ್ರದ ಹಿತ್ತಿಲು. ಮಧುರೆಯಲ್ಲಿ? ಬಸ್ಸುಗಳನ್ನು ನಿಲ್ಲಿಸುವ ಬಯಲು. ನಾವು ಇಳಿದು ಹೋಗುತ್ತಿದ್ದೆವು, ಅವನು ಒಲೆ ಹಚ್ಚುತ್ತಿದ್ದ. ಬರುವಷ್ಟರಲ್ಲಿ ಎಲೆ ಹಾಕಿರುತ್ತಿತ್ತು. ಊಟವಾದ ಮೇಲೆ ಪಾತ್ರೆ ತೊಳೆದು ತುಂಬಿ ಮುಂದಿನ ಊರಿಗೆ. ಅದೆಲ್ಲ ನನ್ನ ಕಣ್ಣೆದುರಿಗೇ ನಡೆದಿತ್ತು.

ವಾಪಸು ಬರುವಾಗ ಬೈಕು ನಿಧಾನಕ್ಕೆ ಓಡಿಸಿದೆ. ಮನೆಗೆ ಬಂದವನೇ ಹಳೆಯ ಯಾತ್ರೆಯ ಪುಸ್ತಕ ತೆರೆದೆ. ಪ್ರತಿ ವರ್ಷವೂ ತಲೆ ನಲವತ್ತು. ಓಂಕಾರಣ್ಣ ಆ ನಲವತ್ತರಲ್ಲಿ ಇಲ್ಲ. ಡೀಸೆಲ್ಲಿಗೂ ಛತ್ರದ ಬಾಡಿಗೆಗೂ ನಡುವೆ, ಖರ್ಚಿನ ಕಡೆ ಇದ್ದಾನೆ. ನಾನು ಎದೆಯುಬ್ಬಿಸಿ ಹೇಳುತ್ತಿದ್ದ ಆ ಸಾವಿರದ ಇನ್ನೂರು ಅಷ್ಟು ಕಡಿಮೆ ಯಾಕಿತ್ತೆಂದು ಆಗ ಗೊತ್ತಾಯಿತು. ಒಬ್ಬ ಮನುಷ್ಯ ಏನನ್ನೂ ನೋಡದೆ ಇದ್ದುದರಿಂದ ನಾವೆಲ್ಲ ಅಗ್ಗಕ್ಕೆ ನೋಡಿದ್ದೆವು. ನನಗೆ ನಿಜವಾಗಿಯೂ ಕಸಿವಿಸಿಯಾಯಿತು.

ಗಿರಿಜಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ, "ಕರ್ಕೊಂಡ್ಹೋಗಿ ಮತ್ತೆ" ಎಂದಳು. ಅವನ ಟಿಕೆಟ್ಟನ್ನು ಎಂಟು ಜನಕ್ಕೆ ಹಂಚಿದರೆ ತಲೆಗೆ ನಾಲ್ಕು ಸಾವಿರ ಹೆಚ್ಚಿಗೆ, ದಿನಕ್ಕೆ ಸಾವಿರ ಎಂದು ನಾನು ಗೊಣಗಿದೆ. ಹೌದು, ಗೊಣಗಿದೆ, ಸುಳ್ಳು ಯಾಕೆ ಹೇಳಲಿ? "ಇಪ್ಪತ್ತು ವರ್ಷ ಅವರ ಕೈಯಡುಗೆ ಉಂಡಿದೀರಲ್ಲ, ಅದನ್ನ ದಿನಕ್ಕೆ ಎಷ್ಟು ಅಂತ ಹಾಕಿ ನೋಡಿ" ಎಂದಳು. ಅವಳು ಲೆಕ್ಕ ಹಾಕುವುದು ಅಪರೂಪ, ಹಾಕಿದರೆ ನನಗೆ ಮಾತಿಗೆ ಜಾಗವಿರುವುದಿಲ್ಲ. ಉಳಿದ ಆರು ಜನ ಕೇಳಿದ ಕೂಡಲೇ ಒಪ್ಪಿದರು. ಒಪ್ಪದವನು ಓಂಕಾರಣ್ಣನೇ. "ಸುಮ್ನೆ ಕೂತ್ಕಂಡು ಉಣ್ಣಾಕೆ ನನ್ನಿಂದ ಆಗಾಕಿಲ್ಲ" ಎಂದು ಎರಡು ವಾರ ಸತಾಯಿಸಿ, ಆಮೇಲೊಂದು ಬೆಳಿಗ್ಗೆ ಅಂಗಡಿಗೆ ಬಂದು, "ಆ ನೀರಿನ ಸಮಾಚಾರ ತಲೆ ತಿಂತೈತೆ. ಅದನ್ನ ನೋಡಾಕೆ ಬತ್ತೀನಿ" ಎಂದ.

ಸಮುದ್ರ ದಾಟಿದವರಿಗೆ ಹಿಂದೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದರಂತೆ. ನಾವು ದಾಟಲಿಲ್ಲ, ಅಂಚು ಸವರಿಕೊಂಡು ಹೋದೆವು. ಆದ್ದರಿಂದ ಆ ಖರ್ಚು ಉಳಿಯಿತು. ಮೊದಲ ಸಂಜೆ ಊಟಕ್ಕೆ ಕೂತಾಗ ಓಂಕಾರಣ್ಣ ಮಿಕ್ಕದ್ದನ್ನೆಲ್ಲ ಬಿಟ್ಟು ತೊವ್ವೆಯಿಂದ ಒಂದು ಬೇಳೆ ಎತ್ತಿ ಬೆರಳಲ್ಲಿ ಒತ್ತಿ ನೋಡಿದ. ಹಡಗಿನೊಳಗೇ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿದೆಯೆಂದು ನಾನು ವಿಚಾರಿಸಿಕೊಂಡು ಬಂದಿದ್ದೆ. ನಮ್ಮೂರಿನಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸುವ ಶುದ್ಧನೀರಿನ ಘಟಕದ ದೊಡ್ಡಣ್ಣ ಅದು ಎಂದು ವಿವರಿಸಿದೆ. "ಚೆನ್ನಾಗಿ ಬೆಂದೈತೆ. ಉಪ್ಪು ಸಾಲ್ದು" ಎಂದ. ಅಷ್ಟು ಉಪ್ಪಿನ ನಡುವೆ ಕೂತು ಆ ಮಾತು ಹೇಳಿದ್ದಕ್ಕೆ ನಾವೆಲ್ಲ ನಕ್ಕೆವು.

ಎರಡನೆಯ ದಿನ ಗೋವಾ. ಇಳಿದು ಸುತ್ತಾಡಿ ಬಂದು ತಲೆ ಎಣಿಸಿದೆ, ಎಂಟು. ಒಂಬತ್ತಿರಬೇಕಿತ್ತು. ಓಂಕಾರಣ್ಣ ಎಲ್ಲಿ? ಹಡಗಿನಲ್ಲೇ ಇದ್ದ. ಒಳಗೆ, ಹತ್ತುವ ಬಾಗಿಲಿನ ಹತ್ತಿರ, ನಮ್ಮವರ ಎರಡು ಕೈಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ.

"ಯಾಕಣ್ಣ, ಇಳೀಲೇ ಇಲ್ವಾ?"

"ಗಾಡಿ ಕಾಯಾಕೆ ಒಬ್ರು ಬೇಕಲ್ಲ" ಎಂದ.

ನನಗೆ ಸಿಟ್ಟು ಬಂತು, ಅವನ ಮೇಲಲ್ಲ. ಎಂಟೂ ಜನ ಇಳಿದು ಹೋದೆವು, ಯಾರೂ ಹಿಂದೆ ತಿರುಗಿ ನೋಡಿರಲಿಲ್ಲ. ಇಳಿಯುವಾಗ ಅಡುಗೆಯವನನ್ನು ಬಿಟ್ಟು ಎಣಿಸುವ ಅಭ್ಯಾಸ ನನ್ನದು, ಉಳಿದುಕೊಳ್ಳುವ ಅಭ್ಯಾಸ ಅವನದು. ಮೂವತ್ತೆರಡು ಸಾವಿರ ಕೊಟ್ಟು ಅವನನ್ನು ಇನ್ನೊಂದು ಬಸ್ಸು ಕಾಯಲು ತಂದು ಕೂರಿಸಿದಂತಾಯಿತಲ್ಲ ಎಂದು ಆ ಸಂಜೆ ನನಗೆ ಊಟ ರುಚಿಸಲಿಲ್ಲ.

ಮೂರನೆಯ ದಿನ ಹಡಗು ಎಲ್ಲೂ ನಿಲ್ಲುವುದಿರಲಿಲ್ಲ. ಬೆಳಿಗ್ಗೆ ಹಡಗಿನ ಮೇಲಿನ ಡೆಕ್ಕಿನಲ್ಲಿ ಕುರ್ಚಿ ಹಾಕಿಕೊಂಡು ಜನ ಸಾಲಾಗಿ ಕೂತಿದ್ದರು. ಓಂಕಾರಣ್ಣ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದು, "ಇವತ್ತು ನೀವೆಲ್ಲ ಎಲ್ಲಿ ಇಳೀತೀರಿ?" ಎಂದು ಕೇಳಿದ.

"ಎಲ್ಲೂ ಇಲ್ಲ ಕಣಣ್ಣ."

"ಮತ್ತೆ ನೋಡೋ ಜಾಗ?"

"ಇದೇ."

ಅವನು ಸಮುದ್ರವನ್ನು ನೋಡಲಿಲ್ಲ, ಮೊದಲು ಸಾಲಾಗಿ ಕೂತ ಜನರನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದ. "ಹಂಗಾದ್ರೆ ಇವತ್ತು ಎಲ್ರೂ ಗಾಡಿ ಕಾಯೋರೇ ಅನ್ನಿ" ಎಂದು ನನ್ನ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತ.

ಕೂತವನು ಮಧ್ಯಾಹ್ನದವರೆಗೆ ಏಳಲಿಲ್ಲ. ಬಿಸಿಲು ಕಾಲಿಗೆ ಬಂದರೂ ಏಳಲಿಲ್ಲ. ನೀರನ್ನೇ ನೋಡುತ್ತಿದ್ದ. ನನ್ನ ಬೆರಳುಗಳು ಸುಮ್ಮನಿರಬೇಕಲ್ಲ, ಕುರ್ಚಿಯ ಕೈ ಮೇಲೆ ಲೆಕ್ಕ ಶುರುಮಾಡಿದವು. ಮೂವತ್ತೆರಡು ಸಾವಿರವನ್ನು ನಾಲ್ಕು ದಿನಕ್ಕೆ ಭಾಗಿಸಲು ಯಾಕೋ ಮನಸ್ಸು ಬರಲಿಲ್ಲ. ಇಪ್ಪತ್ತು ಯಾತ್ರೆ, ಒಂದೊಂದಕ್ಕೆ ಎಂಟು ದಿನ, ಅವನು ಏನನ್ನೂ ನೋಡದ ನೂರ ಅರವತ್ತು ದಿನ. ಭಾಗಿಸಿದೆ. ಶೇಷವಿಲ್ಲದೆ ಬಂತು.

"ಓಂಕಾರಣ್ಣ, ನಿನ್ನ ಲೆಕ್ಕದಲ್ಲಿ ದಿನಕ್ಕೆ ಇನ್ನೂರೇ ರೂಪಾಯಿ ಬಿತ್ತು" ಎಂದೆ.

ಅವನು ನೀರಿನಿಂದ ಕಣ್ಣು ತೆಗೆಯದೆ ಕೇಳಿದ, "ಊಟ ಸೇರಿ?"

"ಊಟ ಸೇರಿ."