ಖಾಲಿ ತಟ್ಟೆಗೆ ಎಷ್ಟು ಅಂಕ?

ಮೂಡುಬಿದಿರೆಯ ಕಾಲೇಜೊಂದರಲ್ಲಿ ನಾನು ದೃಶ್ಯ ಮಾಧ್ಯಮ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಮುಂಚಿನ ಕೊನೆಯ ವರ್ಷ ಅದು. ಮಕ್ಕಳು ಮೊಬೈಲಿನಲ್ಲೇ ಸಿನಿಮಾ ತೆಗೆದು, ಬಸ್ಸಿನಲ್ಲಿ ಕುಳಿತು ಅದರಲ್ಲೇ ಎಡಿಟ್ ಮಾಡಿ ತರುವ ಕಾಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವರು ಬೆನ್ನ ಹಿಂದೆ ಹೇಳುತ್ತಿದ್ದರು. ಎದುರಿಗೇ ಹೇಳಿದ್ದರೂ ನಾನೇನೂ ಅಲ್ಲಗಳೆಯುತ್ತಿರಲಿಲ್ಲ.

ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ವಿದ್ಯಾರ್ಥಿಗಳು ‘ಓಪನಿಂಗ್ ಸೀಕ್ವೆನ್ಸ್’ ಮಾಡಬೇಕು. ಇಡೀ ಸಿನಿಮಾ ಬೇಡ, ತಾವು ಕಲ್ಪಿಸಿಕೊಂಡ ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ, ಟೈಟಲ್ ಸಹಿತ. ಅಂಕ ಕೊಡಲು ಐದು ಮಾನದಂಡಗಳು, ಒಂದೊಂದಕ್ಕೆ ಇಪ್ಪತ್ತು. ಇದು ಯಾವ ಬಗೆಯ ಚಿತ್ರ ಎಂಬುದು ಉದ್ದೇಶಿತ ಪ್ರೇಕ್ಷಕರಿಗೆ ತಿಳಿಯುತ್ತದೆಯೇ? ಮುಂದೇನು ಎಂಬ ಪ್ರಶ್ನೆ ಹುಟ್ಟುತ್ತದೆಯೇ? ಆಮೇಲೆ ಕ್ಯಾಮೆರಾ, ಧ್ವನಿ, ಎಡಿಟಿಂಗ್. ಒಳ ಪರೀಕ್ಷಕಿಯಾಗಿ ನಾನು, ಹೊರಗಿನಿಂದ ಬಂದ ಇನ್ನೊಬ್ಬರು, ಇಬ್ಬರೂ ನೋಡಿ, ಚರ್ಚಿಸಿ, ಒಪ್ಪಿದ ಅಂಕ ಬರೆದು ಅಂದೇ ಸೀಲ್ ಮಾಡಬೇಕು.

ಆ ವರ್ಷ ನನ್ನ ತಲೆಯಲ್ಲಿದ್ದವಳು ಅಕ್ಷತಾ. ಬೆಳ್ತಂಗಡಿಯಿಂದ ಇನ್ನೂ ಒಳಗಿನ ಹಳ್ಳಿಯವಳು, ಕೇಳಿದ್ದಕ್ಕೆ ಮಾತ್ರ ಉತ್ತರ. ಆದರೆ ಎಡಿಟಿಂಗಿನಲ್ಲಿ ಅವಳ ಕೈ ನೋಡಿದರೆ ಖುಷಿಯಾಗುತ್ತಿತ್ತು. ಫಿಲ್ಮ್ ಎಡಿಟಿಂಗ್ ಕಲಿಸುವ ಸಂಸ್ಥೆಯೊಂದರಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಈ ಪರೀಕ್ಷೆಯಲ್ಲಿ ಅರವತ್ತು ಅಂಕ ಬಂದರೆ ಮಾತ್ರ ಅದು ಉಳಿಯುತ್ತದೆ. ಅವಳ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: “ಸೀಟು ಉಂಟಾದರೆ ಹೋಗು. ಇಲ್ಲದಿದ್ದರೆ ಸುಮ್ಮನೆ ಬಿ.ಎಡ್. ಮಾಡು.” ಅವಳಿಗೆ ಬಿ.ಎಡ್. ಬೇಡ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅವಳ ಚಿತ್ರ ಹೀಗಿತ್ತು. ಪೊಳಲಿಯಲ್ಲಿರುವ ಅವಳ ದೊಡ್ಡಮ್ಮನ ಮನೆಗೆ ಬ್ಯಾಗ್ ಹಿಡಿದ ಯುವಕನೊಬ್ಬ ಬರುತ್ತಾನೆ. ದೊಡ್ಡಮ್ಮನೇ ನಟಿಸಿದ ಆ ಮನೆಯೊಡತಿ ನಗುತ್ತಾ ಒಳಗೆ ಕರೆದು ಕೂರಿಸುತ್ತಾಳೆ. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಚೊಂಬಿನಲ್ಲಿ ನೀರು, ಜೊತೆಗೆ ತಟ್ಟೆಯಲ್ಲಿ ಬೆಲ್ಲ. ಅವಳು ನೀರು ತಂದಿಡುತ್ತಾಳೆ, ತಟ್ಟೆಯನ್ನೂ ಇಡುತ್ತಾಳೆ. ಯುವಕ ಮಾತಾಡುತ್ತಲೇ, ನೋಡದೆಯೇ, ಬೆಲ್ಲಕ್ಕೆ ಕೈ ಹಾಕುತ್ತಾನೆ. ತಟ್ಟೆ ಖಾಲಿ. ಬೆರಳುಗಳು ತಟ್ಟೆಯ ಮೇಲೆ ಹಾಗೆಯೇ ನಿಲ್ಲುತ್ತವೆ. ಫ್ಯಾನಿನ ಸದ್ದೂ ನಿಲ್ಲುತ್ತದೆ. ಅವಳು ಇನ್ನೂ ನಗುತ್ತಿದ್ದಾಳೆ. ಟೈಟಲ್.

ಮೊದಲ ಸಲ ನೋಡಿದಾಗ ನನ್ನ ಮೈ ಜುಮ್ಮೆಂದಿತ್ತು.

ಹೊರಗಿನ ಪರೀಕ್ಷಕರು ಬೆಂಗಳೂರಿನವರು, ಪ್ರಸಾದ್ ಎನ್ನೋಣ. ಸಭ್ಯರು, ಶ್ರದ್ಧೆಯವರು. ಎಡಗೈಯಲ್ಲಿ ಅಂಕಪಟ್ಟಿ, ಬಲಗೈಯಲ್ಲಿ ಪೆನ್ನು. ಚಿತ್ರ ಓಡುತ್ತಿರುವಾಗಲೇ ಗುರುತು ಹಾಕುತ್ತಾ ಹೋಗುವುದು ಅವರ ಪದ್ಧತಿ. ಅಕ್ಷತಾಳ ಚಿತ್ರ ಮುಗಿದಾಗ ಅವರ ಲೆಕ್ಕದಲ್ಲಿ ಒಟ್ಟು ನಲವತ್ತೆರಡು. ಮೊದಲ ಎರಡು ಮಾನದಂಡಗಳಿಗೆ ಐದೈದು.

“ಥ್ರಿಲ್ಲರ್ ಅಂತ ಬರ್ಕೊಂಡಿದ್ದಾಳೆ ಮೇಡಂ. ಯಾರೋ ಬಂದ, ನೀರು ಕೊಟ್ರು, ಮುಗೀತು. ಥ್ರಿಲ್ ಎಲ್ಲಿದೆ?”

ನನ್ನ ಪಿತ್ತ ನೆತ್ತಿಗೇರಿತು. “ಎಂತ ಸರ್ ನೀವು ಹೇಳುವುದು? ಬೆಲ್ಲ ಇಲ್ಲ ಅಲ್ಲಿ! ತಟ್ಟೆ ಇಟ್ಟು ಬೆಲ್ಲ ಇಡದಿದ್ದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೆದರಿಕೆ ಇಲ್ಲ!”

“ಅದು ನಿಮಗೆ ಗೊತ್ತು, ನನಗೆ ಹೇಗೆ ಗೊತ್ತಾಗ್ಬೇಕು? ಚಿತ್ರ ಹೇಳ್ಬೇಕು, ನೀವಲ್ಲ.”

ಮಾತು ನ್ಯಾಯವಾದದ್ದೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆದರೂ ತಡೆದುಕೊಂಡು ಮೊದಲ ಮಾನದಂಡವನ್ನು ಗಟ್ಟಿಯಾಗಿ ಓದಿದೆ: ‘ಉದ್ದೇಶಿತ ಪ್ರೇಕ್ಷಕರಿಗೆ’. ಅಕ್ಷತಾ ತನ್ನ ಪ್ರೇಕ್ಷಕರು ಈ ಜಿಲ್ಲೆಯವರು ಎಂದು ಸ್ಪಷ್ಟವಾಗಿ ಬರೆದಿದ್ದಳು. “ನಾನೂ ಬೇಡ, ನೀವೂ ಬೇಡ ಸರ್. ಅವರನ್ನೇ ಕೇಳುವ” ಎಂದೆ.

ಪ್ರಸಾದ್ ಬಾಗಿಲ ಕಡೆ ನೋಡಿದರು. “ಆಗ್ಲಿ. ಆದ್ರೆ ಯಾರನ್ನ ಕರೀಬೇಕು ಅಂತ ನಾನು ಹೇಳ್ತೀನಿ. ನೀವು ಬಾಯಿ ಬಿಡೋ ಹಾಗಿಲ್ಲ.”

ನನಗೆ ಬಾಯಿ ಬಿಡದೆ ಕೂರುವುದೆಂದರೆ ಶಿಕ್ಷೆಯೇ. ಒಪ್ಪಿದೆ.

ಅವರು ಕಾರಿಡಾರಿಗೆ ಹೋಗಿ, ಸಿನಿಮಾದ ಗಂಧಗಾಳಿ ಇಲ್ಲದ ಹತ್ತು ಹನ್ನೆರಡು ಮಂದಿ ಬಿ.ಕಾಂ. ಮಕ್ಕಳನ್ನು ಕರೆತಂದರು. ಹೆಚ್ಚಿನವರು ಬಂಟ್ವಾಳ, ಬೆಳ್ತಂಗಡಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ಒಬ್ಬ ಮಾತ್ರ ಹಾಸ್ಟೆಲಿನಲ್ಲಿದ್ದ ವಿಜಯಪುರದ ಹುಡುಗ, ಬಸವರಾಜ. ಹೊರಗೆ ಕಾಯುತ್ತಿದ್ದ ಅಕ್ಷತಾಳನ್ನು ಅಲ್ಲೇ ನಿಲ್ಲಿಸಿ ಬಾಗಿಲು ಹಾಕಿದರು. ಅವಳ ಮುಖ ಬಿಳಿಚಿಕೊಂಡಿತ್ತು. ಏನು ನಡೆಯುತ್ತಿದೆ ಎಂದು ಹೇಳಲೂ ನನಗೆ ಅನುಮತಿ ಇರಲಿಲ್ಲ.

ದೀಪ ಆರಿತು. ಯುವಕ ಬಂದ, ಕುಳಿತ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಚೊಂಬು ಬಂತು, ತಟ್ಟೆ ಬಂತು.

“ಬೆಲ್ಲ ಓಲುಂಡು?” ಬೆಲ್ಲ ಎಲ್ಲಿ ಎಂದು ಒಬ್ಬಳು ತುಳುವಿನಲ್ಲಿ ಪಿಸುಗುಟ್ಟಿದಳು. ಬೆರಳುಗಳು ಖಾಲಿ ತಟ್ಟೆ ಮುಟ್ಟಿದ್ದೇ ತಡ, ಇಡೀ ಕೋಣೆ “ಅಯ್ಯೋ!” ಎಂದಿತು. ಒಬ್ಬ ಎದ್ದೇ ನಿಂತು, “ಕುಡಿಯಬೇಡ ಮಾರಾಯಾ, ಆ ನೀರು ಕುಡಿಯಬೇಡ!” ಎಂದು ಪರದೆಗೆ ಕೂಗಿದ. ಟೈಟಲ್ ಬಂದು ಕತ್ತಲಾದಾಗ ಎಲ್ಲರೂ ಒಟ್ಟಿಗೆ ಕೇಳಿದರು: “ಮುಂದೆ? ಮುಂದೆ ಎಂತ ಆಗ್ತದೆ ಸರ್?”

ನಾನು ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಇಲ್ಲದಿದ್ದರೆ ಖಂಡಿತ ಕಿರುಚುತ್ತಿದ್ದೆ.

ಪ್ರಸಾದ್ ನೇರ ಬಸವರಾಜನ ಬಳಿ ಹೋದರು. “ನಿಮ್ಮೂರಲ್ಲಿ ಈ ಬೆಲ್ಲದ ಪದ್ಧತಿ ಹೀಗೇ ಇದೆಯಾ?”

“ನಮ್ ಮನ್ಯಾಗ ಚಾ ಕೊಡ್ತೀವ್ರೀ ಸರ್.”

“ಹಾಗಿದ್ರೆ ನಿನಗೆ ಏನನ್ನಿಸ್ತು?”

“ಆ ಹೆಣ್ಮಗಳು ಅವನನ್ನ ಬಿಡಂಗಿಲ್ರೀ. ತಾಟಿನ ಮ್ಯಾಲೆ ಕೈ ನಿಂತ್ ಕೂಡ್ಲೇ ನನ್ನ ಕೈನೂ ತಣ್ಣಗಾತ್ರೀ.”

ಪ್ರಸಾದ್ ಹುಬ್ಬು ಗಂಟಿಕ್ಕಿದರು. “ಕೈ ನಿಂತಿತಾ? ಯಾವಾಗ?”

ಅವರು ಆ ಶಾಟ್ ನೋಡಿಯೇ ಇರಲಿಲ್ಲ! ಮೊದಲ ಸಲ ಆ ಹೊತ್ತಿಗೆ ಅಂಕಪಟ್ಟಿಯಲ್ಲಿ ಕ್ಯಾಮೆರಾದ ಅಂಕ ತುಂಬುತ್ತಿದ್ದರು. ಎರಡನೆಯ ಸಲ ಪರದೆ ಬಿಟ್ಟು ಮಕ್ಕಳ ಮುಖ ನೋಡುತ್ತಿದ್ದರು. ಈಗ ಪೆನ್ನನ್ನು ಮೇಜಿನ ಮೇಲಿಟ್ಟು, ಕೈಕಟ್ಟಿ ಕುಳಿತು, “ಇನ್ನೊಂದ್ಸಲ ಹಾಕಿ” ಎಂದರು. ಬೆರಳುಗಳು ನಿಂತವು, ಫ್ಯಾನಿನ ಸದ್ದು ನಿಂತಿತು. ಪ್ರಸಾದ್ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ.

“ತಪ್ಪು ನನ್ನದು ಮೇಡಂ” ಎಂದರು. ದೊಡ್ಡ ಮನುಷ್ಯ. ಹಳೆಯ ಅಂಕಗಳನ್ನೆಲ್ಲ ಹೊಡೆದುಹಾಕಿ ಮೊದಲಿನಿಂದ ಬರೆದರು. ಮೊದಲ ಎರಡಕ್ಕೆ ಹದಿನೆಂಟು, ಹದಿನೆಂಟು. ನಾನೇ ಹದಿನೇಳು ಹಾಕಿದ್ದೆ! ಧ್ವನಿಗೂ ಎಡಿಟಿಂಗಿಗೂ ಧಾರಾಳವಾಗಿಯೇ ಕೊಟ್ಟರು. ಕ್ಯಾಮೆರಾಗೆ ಮಾತ್ರ ಮನೆಯೊಳಗಿನ ಬೆಳಕು ಸಾಲದು ಎಂದು ಕತ್ತರಿಸಿದರು. ಬೆಳಕು ನಿಜಕ್ಕೂ ಸಾಲದು, ನಾನೂ ಒಪ್ಪಿದೆ. ಒಟ್ಟು ಎಪ್ಪತ್ತೆಂಟು.

ಅಂಕವನ್ನು ಹೊರಗೆ ಹೇಳುವಂತಿಲ್ಲ, ನಿಯಮ. ಬಾಗಿಲು ತೆರೆದರೆ ಅಕ್ಷತಾ ಗೋಡೆಗೆ ಒರಗಿ ನಿಂತಿದ್ದಳು. “ಒಳಗೆ ಎಲ್ಲರೂ ಬೊಬ್ಬೆ ಹಾಕಿದ್ರಲ್ಲ ಮೇಡಂ. ಪಿಕ್ಚರ್ ನಿಂತು ಹೋಯ್ತಾ?”

ನಾನು ಬಾಯಿ ತೆರೆಯುವ ಮೊದಲೇ ಆ ಬಿ.ಕಾಂ. ಮಕ್ಕಳು ನುಗ್ಗಿ ಬಂದು ಅವಳನ್ನು ಸುತ್ತುವರಿದರು. “ನೀನಾ ಮಾಡಿದ್ದು? ಅವನು ಸಾಯ್ತಾನಾ? ಅವಳು ಯಾರು? ಹೇಳು ಮಾರಾಯ್ತಿ!” ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ ಹುಡುಗಿ ಅಳುತ್ತಾ, ನಗುತ್ತಾ, ಆ ನಡುವೆಯೇ ಕಥೆ ಹೇಳತೊಡಗಿದಳು. ಅಂಕ ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಕಣ್ಣೂ ತುಂಬಿತ್ತು, ಅದನ್ನು ಮುಚ್ಚಿಡುವುದೇಕೆ?

ಅವಳ ಸೀಟು ಉಳಿಯಿತು. ಅವಳನ್ನು ಅಲ್ಲಿಗೆ ಸೇರಿಸಲು ಅಪ್ಪನೇ ಜೊತೆಯಲ್ಲಿ ಹೋದರು.

ಮೌಲ್ಯಮಾಪನ ಹೇಗೆ ಮಾಡಬೇಕು ಎಂದು ಕಿರಿಯ ಅಧ್ಯಾಪಕರು ಈಗಲೂ ಫೋನ್ ಮಾಡಿ ಕೇಳುತ್ತಾರೆ. ಮಾನದಂಡ ಬೇಕು, ಅದಿಲ್ಲದಿದ್ದರೆ ಆ ದಿನ ವಾದಿಸಲು ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎನ್ನುತ್ತೇನೆ. ಆಮೇಲೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ: ಮೊದಲು ಪೆನ್ನು ಕೆಳಗಿಟ್ಟು ಪಿಕ್ಚರ್ ನೋಡಿ, ಮಾರಾಯ್ರೆ. ಮಕ್ಕಳು ಅದನ್ನು ಮಾಡಿದ್ದು ನೋಡಲಿಕ್ಕೆ.