ಏಳೂ ನಲವತ್ತರ ಮೆಸೇಜು

ರಘು ಸತ್ತ ಮೇಲೆ ಹನ್ನೊಂದು ತಿಂಗಳು ಅವನ ಹೆಸರಿನಲ್ಲಿ ನಿನಗೆ ಮೆಸೇಜು ಕಳಿಸುತ್ತಿದ್ದವಳು ನಾನು, ವಿನಾಯಕ. ನಾನು, ಅವನ ಅಕ್ಕ ಶೋಭಾ. ಬೇರೆ ಯಾರೂ ಅಲ್ಲ.

ಸತ್ತ ಎಂದೇ ಬರೆಯುತ್ತಿದ್ದೇನೆ. ತೀರಿಕೊಂಡ, ದೇವರ ಪಾದ ಸೇರಿದ — ಇಂಥ ಸುತ್ತುಬಳಸಿನ ಮಾತು ನಿನಗೆ ಆಗುವುದಿಲ್ಲ. ಒಮ್ಮೆ ನಾನು ‘ಬಾಯಿಗೆ ಬೀಗ ಹಾಕ್ಕೊಂಡೆ ಮಾರಾಯ’ ಅಂದಾಗ ನೀನು ಮುಖ ಗಂಟಿಕ್ಕಿ ‘ಕೀಲಿ ಯಾರ ಹತ್ತಿರ ಇದೆ ಅಕ್ಕ?’ ಎಂದು ಕೇಳಿದ್ದೆ. ನೀನು ತಮಾಷೆ ಮಾಡಿದ್ದು ಎಂದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು. ನಿನಗೆ ಯಾವುದನ್ನೇ ಹೇಳಿದರೂ ಮೊದಲಿನಿಂದ, ನಡುವೆ ಏನನ್ನೂ ನುಂಗದೆ ಹೇಳಬೇಕು. ಹಾಗೆಯೇ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

ಡೊಂಬಿವಲಿಯಲ್ಲಿ ಕನ್ನಡ ಸಂಘದ ಮಹಡಿಯ ಕೋಣೆಯಲ್ಲಿ ನಿಮ್ಮ ಭಾನುವಾರದ ಕೂಟ ನಡೆಯುತ್ತಿತ್ತು. ಎಂಟು ಜನ, ಎಲ್ಲರೂ ಇಪ್ಪತ್ತೈದು ದಾಟಿದ, ಆಟಿಸಂ ಇರುವವರು. ಆ ಶಬ್ದವನ್ನು ನಮ್ಮ ಮನೆಯಲ್ಲಿ ನಾವು ಮೊದಲ ಸಲ ಕೇಳಿದಾಗ ರಘುವಿಗೆ ಇಪ್ಪತ್ತೊಂಬತ್ತು. ಅಲ್ಲಿಯವರೆಗೆ ಅವನು ‘ಸ್ವಲ್ಪ ಹಾಗೆ’ ಅಷ್ಟೆ. ಕೂಟದ ನಿಯಮಗಳನ್ನೆಲ್ಲ ನೀವೇ ಮಾಡಿಕೊಂಡಿದ್ದಿರಿ. ಮೊದಲ ಹತ್ತು ನಿಮಿಷ ಯಾರೂ ಮಾತಾಡಬಾರದು. ಗುಂಯ್‌ಗುಡುವ ಟ್ಯೂಬ್‌ಲೈಟ್ ತೆಗೆಸಿ ಬಲ್ಬು ಹಾಕಿಸಿದಿರಿ. ಮನೆಯವರು ಹೊರಗಿನ ವರಾಂಡದಲ್ಲಿ ಕೂತಿರಬೇಕು, ಕರೆಯದೆ ಒಳಗೆ ಬರಬಾರದು. ಹೆಸರಿಗೆ ನಾನು ಕೂಟದ ಜವಾಬ್ದಾರಿ ಹೊತ್ತವಳು, ನನಗೂ ವರಾಂಡವೇ.

ಇನ್ನೊಂದು ನಿಯಮ ಜೋಡಿಯದು. ಒಬ್ಬೊಬ್ಬರಿಗೂ ಒಬ್ಬ ಜೋಡಿ. ಬೆಳಿಗ್ಗೆ ಎಂಟರೊಳಗೆ ಇಬ್ಬರೂ ಪರಸ್ಪರ ಮೆಸೇಜು ಹಾಕಬೇಕು. ಬರದಿದ್ದರೆ ಫೋನು, ಫೋನೂ ಎತ್ತದಿದ್ದರೆ ನನಗೆ ಸುದ್ದಿ. ಡೊಂಬಿವಲಿಯ ರಘುವಿಗೆ ಘಣಸೋಲಿಯ ನೀನು ಜೋಡಿ, ನಿಮ್ಮ ಹೊತ್ತು ಏಳೂ ನಲವತ್ತು. ಗಾಡಿ ಬದಲಿಸಲು ಹತ್ತಬೇಕಾದ ಠಾಣೆ ಸ್ಟೇಷನ್ನಿನ ಸೇತುವೆಯ ನೂಕುನುಗ್ಗಲು ನಿನಗೆ ತಡೆಯಲಾಗದು ಎಂದು ಅವನು ಪ್ರತಿ ಭಾನುವಾರ ಠಾಣೆಗೆ ಬಂದು, ನವಿಮುಂಬಯಿ ಗಾಡಿಗಳ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಾದಿರುತ್ತಿದ್ದ. ಇಬ್ಬರೂ ಹತ್ತು ನಿಮಿಷ ಸುಮ್ಮನೆ ಕೂತು, ಆಮೇಲೆ ಅವನ ಅಂಗಿಯ ತುದಿ ಹಿಡಿದು ನೀನು ಸೇತುವೆ ಹತ್ತುತ್ತಿದ್ದೆ. ನಮ್ಮ ರಘು ಇನ್ನೊಬ್ಬರಿಗೆ ಆಸರೆಯಾಗಬಲ್ಲ ಎಂದು ನಾವು ಮನೆಯವರು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಹೆಮ್ಮೆಯಿಂದ ಬೀಗಿದ್ದೆ.

ಅವನು ಸತ್ತದ್ದು ಮಳೆಗಾಲದಲ್ಲಿ, ಇಲಿಜ್ವರದಿಂದ. ಆಸ್ಪತ್ರೆಯಲ್ಲಿ ಇದ್ದದ್ದು ನಾಲ್ಕು ದಿನ. ಬೆರಳಿಗೆ ಶಕ್ತಿ ಇರಲಿಲ್ಲ. ‘ಅಕ್ಕ, ಏಳೂ ನಲವತ್ತು’ ಅನ್ನುತ್ತಿದ್ದ. ಅವನು ಹೇಳುತ್ತಿದ್ದ, ನಾನು ಒತ್ತುತ್ತಿದ್ದೆ — ಎದ್ದೆ. ಗಂಜಿ. ಹೊರಗೆ ಮಳೆ. ಅಷ್ಟೇ. ಗುರುವಾರವೂ ಕಳಿಸಿದೆವು. ಗುರುವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಅವನು ಸತ್ತ. ಸಂಜೆ ಡೊಂಬಿವಲಿಯಲ್ಲೇ ಸುಟ್ಟೆವು.

ಶುಕ್ರವಾರ ಬೆಳಿಗ್ಗೆ ಅವನ ಕೋಣೆಯಲ್ಲಿ ಹಾಸಿಗೆ ಮಡಚುತ್ತಿದ್ದೆ. ಅವನ ಫೋನು ನಡುಗಿತು, ನಿನ್ನ ಮೆಸೇಜು. ‘ಎದ್ದೆ. ಬ್ರೆಡ್ಡು. ನಿನ್ನದು?’ ಏನು ಮಾಡಲಿ ಹೇಳು — ಅಲ್ಲ, ಏನು ಮಾಡಬೇಕಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಫೋನು ಮಾಡಿ ಹೇಳಬೇಕಿತ್ತು. ನನ್ನ ಬೆರಳು ‘ಎದ್ದೆ. ಗಂಜಿ.’ ಎಂದು ಒತ್ತಿಬಿಟ್ಟಿತು. ಕಳಿಸಿದ ಆ ಕ್ಷಣ, ಸುಳ್ಳು ಹೇಳಬಾರದು, ನನಗೆ ಹಾಯೆನಿಸಿತು. ಒಬ್ಬನ ಮಟ್ಟಿಗಾದರೂ ರಘು ಈಗಷ್ಟೇ ಎದ್ದು ಗಂಜಿ ಕುಡಿದಿದ್ದ.

ಭಾನುವಾರ ವರಾಂಡದಲ್ಲಿ ಮನೆಯವರೆಲ್ಲ ಸೇರಿದರು. ‘ಈ ಮಕ್ಕಳಿಗೆ ಹೇಳುದು ಹೇಗೆ? ತಡ್ಕೊಳ್ಳುದಿಲ್ಲ’ ಎಂದರು ಒಬ್ಬರು. ಮಕ್ಕಳು! ನಿನಗೆ ಮೂವತ್ನಾಲ್ಕಾಗಿತ್ತು. ಕೊನೆಗೆ ಊರಿಗೆ ಹೋಗಿದ್ದಾನೆ ಎಂದು ಹೇಳುವುದೆಂದಾಯಿತು. ನಮ್ಮ ಮುಂಬಯಿ ಮಂದಿಯ ಕೈಗೆಟಕುವ ಉತ್ತರ ಅದು — ಸಾಲ ಕೊಟ್ಟವ ಬಂದರೂ ಊರಿಗೆ ಹೋಗಿದ್ದಾನೆ, ಮದುವೆ ಮುರಿದರೂ ಊರಿಗೆ ಹೋಗಿದ್ದಾನೆ, ಸತ್ತರೂ. ನಾನೇ ಒಳಗೆ ಬಂದು ಹೇಳಿದೆ. ನೀವು ಎಂಟರಲ್ಲಿ ಉಳಿದ ಏಳು ಜನ ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡುತ್ತಿದ್ದಿರಿ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದೆ. ನಿನಗೆ ಬೇರೆ ಜೋಡಿ ಕೊಡೋಣ ಎಂದರೆ ನೀನು ‘ನನ್ನ ಜೋಡಿ ಇದ್ದಾನೆ. ಬೆಳಿಗ್ಗೆ ಮೆಸೇಜು ಬಂದಿದೆ. ಓದಿ ತೋರಿಸಲೇ?’ ಎಂದೆ. ವರಾಂಡದವರಿಗೆ ಕೇಳಿಸೀತು ಎಂದು ನಾನು ‘ಆಮೇಲೆ, ಆಮೇಲೆ’ ಎಂದು ಬಾಯಿ ಮುಚ್ಚಿಸಿದೆ. ಮರುದಿನ ರಘುವಿನ ಫೋನಿನಿಂದ ಬರೆದೆ: ‘ನನ್ನ ಮೆಸೇಜು ಬರುವುದನ್ನು ಯಾರಿಗೂ ಹೇಳಬೇಡ. ನೀನು ಹೇಗಿದ್ದೀ?’

ನಿಯಮ ಎಂದರೆ ನಿನಗೆ ನಿಯಮ. ನೀನು ಯಾರಿಗೂ ಹೇಳಲಿಲ್ಲ.

ಹೀಗೆ ತಿಂಗಳುಗಳು. ಅಲಾರಾಂ ಇಲ್ಲದೆ ಅವನ ಹೊತ್ತಿಗೆ ಎಚ್ಚರವಾಗತೊಡಗಿತು. ಅವನ ಮಂಚದ ತುದಿಯಲ್ಲಿ, ಅವನು ಕೂರುತ್ತಿದ್ದ ಹಾಗೆ ಒಂದು ಕಾಲು ಮಡಚಿ ಕೂತು ಬರೆಯುತ್ತಿದ್ದೆ. ಬರೆದದ್ದು ಸುಳ್ಳಾಗಬಾರದೆಂದು ಅವನು ತಿನ್ನುತ್ತಿದ್ದ ಸಾಸಿವೆ ಹಾಕದ ಉಪ್ಪಿಟ್ಟನ್ನೇ ನಾನೂ ತಿನ್ನತೊಡಗಿದೆ. ಒಂದು ದಿನ ಗುಂಡಿ ಒತ್ತುವ ಟಿಕ್ ಟಿಕ್ ಸದ್ದಿಗೆ ಅಮ್ಮ ಬಾಗಿಲ ಹೊರಗೆ ಬಂದು ನಿಂತರು. ಬಾಗಿಲು ಓರೆಯಾಗಿತ್ತು. ‘ರಘೂ, ಎದ್ದೆಯಾ? ಚಾ ಆಗಿದೆ.’ ನಾನು ‘ಹ್ಞೂಂ’ ಅಂದೆ. ನನ್ನ ದನಿಯಲ್ಲಲ್ಲ, ಮೂಗಿನಿಂದ, ಅವನು ಅನ್ನುತ್ತಿದ್ದ ಹಾಗೆ. ಹೊರಗೆ ಬಂದಾಗ ಮೇಜಿನ ಮೇಲೆ ಅವನ ಲೋಟದಲ್ಲಿ ಚಾ ಹಬೆಯಾಡುತ್ತಿತ್ತು. ನಾನು ಕುಡಿದು ಲೋಟ ತೊಳೆದಿಟ್ಟೆ. ಮರುದಿನವೂ ಆ ಲೋಟ ಅಲ್ಲಿತ್ತು.

ಇದರ ನಡುವೆಯೇ ನಿನ್ನ ಉತ್ತರಗಳು ಬೇರೆಯಾಗತೊಡಗಿದವು. ‘ಎದ್ದೆ. ಬ್ರೆಡ್ಡು’ ಎಂದ ಕೆಳಗೆ ಇನ್ನೊಂದು ಸಾಲು — ‘ರಘುವಿಗೆ ಅನ್ನ ಮೆತ್ತಗೆ ಮಾಡಿ ಕೊಡಿ.’ ಯಾರಿಗೆ ಹೇಳುತ್ತಿದ್ದೀ? ಮುಂದಿನ ವಾರ, ‘ಅವನನ್ನು ಹಿಂದಿನಿಂದ ಮುಟ್ಟಬೇಡಿ, ಹೆದರುತ್ತಾನೆ.’ ಇನ್ನೊಂದು ದಿನ, ‘ಅವನನ್ನು ಇಟ್ಟಿರುವ ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಆರಿಸಿ.’ ನಾನು ತಲೆಯೆತ್ತಿದೆ. ರಘುವಿನ ಕೋಣೆಯ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಹೊರಗೆ ಹಾಡಹಗಲು, ಕೆಳಗೆ ರಿಕ್ಷಾದವರ ಜಗಳ, ಆದರೂ ನನ್ನ ಬೆನ್ನ ಹಿಂದೆ ಯಾರೋ ನಿಂತಂತೆ. ಎದ್ದು ಆರಿಸಿದೆ. ನಿನಗೆ ಏನೋ ಕಾಣುತ್ತಿದೆ, ನನಗೆ ಕಾಣದ್ದು, ಎಂದುಕೊಂಡೆ. ಆಗಲೂ ನಿಲ್ಲಿಸಲಿಲ್ಲ.

ಭಾನುವಾರಗಳಲ್ಲಿ ನಿನ್ನನ್ನು ಠಾಣೆಯಿಂದ ಕರೆತರುವ ಕೆಲಸ ನನ್ನದಾಗಿತ್ತಲ್ಲ. ಹನ್ನೊಂದನೆಯ ತಿಂಗಳ ಒಂದು ಮಧ್ಯಾಹ್ನ, ಅದೇ ಬೆಂಚಿನ ಮೇಲೆ, ನೀನು ಹಳಿ ನೋಡುತ್ತಲೇ ಹೇಳಿದೆ:

‘ಅಕ್ಕ, ಹೇಳಬಾರದು ಅಂದಿದ್ದಾರೆ. ಆದರೆ ನೀವು ರಘುವಿನ ಅಕ್ಕ. ರಘು ಊರಿನಲ್ಲಿ ಇಲ್ಲ. ಅವನನ್ನು ಯಾರೋ ಹಿಡಿದಿಟ್ಟಿದ್ದಾರೆ. ಅವನ ಫೋನು ಅವರ ಕೈಯಲ್ಲಿದೆ.’

ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

‘ರಘು ಯಾವತ್ತೂ ಹೇಗಿದ್ದೀ ಅಂತ ಕೇಳುವುದಿಲ್ಲ. ಅವರು ಕೇಳುತ್ತಾರೆ. ನಾನು ದಿನಾ ಉತ್ತರ ಕೊಡುತ್ತೇನೆ. ಕೊಡದಿದ್ದರೆ ಅವನಿಗೆ ಏನಾದರೂ ಮಾಡಿಯಾರು. ನೀವು ಹೆದರಬೇಡಿ. ಬರುವಾಗ ರೈಲಿನ ಎಲ್ಲ ಡಬ್ಬಿಗಳಲ್ಲೂ ನೋಡಿಕೊಂಡು ಬರುತ್ತೇನೆ.’

ಠಾಣೆಯ ಸೇತುವೆಗೆ ಹೆದರುವ ನೀನು, ಹನ್ನೊಂದು ತಿಂಗಳು ಪ್ರತಿ ಸ್ಟೇಷನ್ನಿನಲ್ಲಿ ಇಳಿದು ಹತ್ತಿ, ಡಬ್ಬಿ ಬದಲಿಸಿ, ಜನರ ಮುಖ ನೋಡುತ್ತಾ ಬಂದಿದ್ದೆ. ಹನ್ನೊಂದು ತಿಂಗಳು ಬೆಳಿಗ್ಗೆ ಏಳೂ ನಲವತ್ತಕ್ಕೆ ಯಾರೋ ಕಟುಕನ ಜೊತೆ, ರಘುವಿನ ಜೀವಕ್ಕಾಗಿ, ಒಬ್ಬನೇ ಮಾತಾಡಿದ್ದೆ. ಆ ಕಟುಕ ನಿನ್ನ ಪಕ್ಕದಲ್ಲೇ ಪರ್ಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲ್ಲಿಯೇ ಹೇಳಬಹುದಿತ್ತು. ನಾನು ‘ಹೊತ್ತಾಯ್ತು, ಏಳು’ ಎಂದೆ.

ಮರುದಿನ ಕೊನೆಯ ಮೆಸೇಜು ಕಳಿಸಿದೆ. ‘ನನ್ನನ್ನು ಬಿಟ್ಟರು. ಬಹಳ ದೂರ ಹೋಗುತ್ತಿದ್ದೇನೆ. ಇನ್ನು ಮೆಸೇಜು ಬರುವುದಿಲ್ಲ.’ ಫೋನು ಆರಿಸಿ ಗೋದ್ರೆಜ್ ಕಪಾಟಿನಲ್ಲಿ, ಸೀರೆಗಳ ಅಡಿಗೆ ತಳ್ಳಿದೆ. ಮುಗಿಯಿತು ಎಂದುಕೊಂಡೆ. ಥೂ, ನನ್ನ ಬುದ್ಧಿಯೇ!

ಮುಂದಿನ ಭಾನುವಾರ ನೀನು ಕೂಟದಲ್ಲಿ ಎದ್ದು ನಿಂತು, ನಗುತ್ತಾ, ‘ರಘುವನ್ನು ಬಿಟ್ಟರಂತೆ, ಅವನ ಮೆಸೇಜು ಬಂತು’ ಎಂದು ಎಲ್ಲರಿಗೂ ಹೇಳಿದೆ. ನೀನು ಅಷ್ಟು ನಕ್ಕದ್ದನ್ನು ನಾನು ಬೇರೆಂದೂ ಕಂಡಿಲ್ಲ. ವರಾಂಡದವರು ಎದ್ದು ಒಳಗೆ ಬಂದರು. ರಘು ಸತ್ತದ್ದು ಅವರಿಗೆಲ್ಲ ಗೊತ್ತು. ಸತ್ತವನು ಮೆಸೇಜು ಕಳಿಸುತ್ತಾನೆ ಎನ್ನುವವನನ್ನು ಅವರು ಹೇಗೆ ನೋಡಿದರು ಎಂದು ನಿನಗೂ ನೆನಪಿರಬೇಕು. ನಿನ್ನಮ್ಮನಿಗೆ ಮೊಬೈಲು ನೋಡಲು ಬಾರದು. ನಿನ್ನ ಫೋನನ್ನು ನನ್ನ ಕೈಗೆ ಕೊಟ್ಟರು. ‘ಸ್ವಲ್ಪ ನೋಡಿ ಶೋಭಾ, ಇವ ಹೇಳುದು ಉಂಟಾ ಅದರಲ್ಲಿ?’

ಇತ್ತು. ಮುನ್ನೂರು ಚಿಲ್ಲರೆ ಮೆಸೇಜು, ನೀನು ಒಂದನ್ನೂ ಅಳಿಸದೆ ಇಟ್ಟುಕೊಂಡಿದ್ದೆ. ಎಲ್ಲದರ ಮೇಲೂ ರಘುವಿನ ಹೆಸರು. ನಾನು ಕಿಟಕಿಯ ಬಳಿ ಬೆಳಕಿಗೆ ಹೋದವಳಂತೆ ಹೋಗಿ, ನಿಮಗೆಲ್ಲ ಬೆನ್ನು ಹಾಕಿ, ಒಟ್ಟಿಗೇ ಅಳಿಸಿದೆ. ತಿರುಗಿ ಹೇಳಿದೆ:

‘ಏನೂ ಇಲ್ಲ ಅಮ್ಮ.’

ನೀನು ಫೋನು ಕಸಿದುಕೊಂಡು ನೋಡಿದೆ. ಮತ್ತೆ ನೋಡಿದೆ. ನನ್ನ ಮುಖವನ್ನು, ಅವತ್ತು ಮೊದಲ ಸಲ, ನೇರ ನೋಡಿದೆ. ನಿನಗೆ ಅನುಮಾನ ಬಂತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರಿಗೆ ನಮ್ಮಿಂದ ಸಿಕ್ಕಿದ್ದು ನನ್ನ ಮಾತು ಮಾತ್ರ. ಗುಳಿಗೆ ಶುರುವಾಯಿತು. ಅದರಿಂದ ಕೈ ನಡುಗತೊಡಗಿ ಮಹಾಪೆಯ ಫ್ಯಾಕ್ಟರಿಯಲ್ಲಿ ನಿನಗಿದ್ದ ಲೇಬಲ್ ಅಂಟಿಸುವ ಕೆಲಸವೂ ಹೋಯಿತು. ರಘು ಸತ್ತಿದ್ದಾನೆ ಎಂದು ಆಗಲೂ ನಿನಗೆ ಹೇಳಬಾರದೆಂದೇ ಎಲ್ಲರೂ ಅಂದರು, ಇನ್ನೂ ಕೆಡುತ್ತಾನೆ ಎಂದು. ನಾನು ಆಫೀಸಿನ ನೆಪ ಹೇಳಿ ಕೂಟ ಬಿಟ್ಟೆ.

ಏಳು ವರ್ಷ ಆಯಿತು. ಮೊನ್ನೆ ಕಲ್ಯಾಣದಲ್ಲಿ ಒಂದು ಮದುವೆಯ ಊಟದ ಹಾಲ್‌ನಲ್ಲಿ ನಿನ್ನಮ್ಮ ಸಿಕ್ಕಿದರು. ಮುದುಕಿಯಾಗಿದ್ದಾರೆ. ‘ಈಗ ಪರವಾಗಿಲ್ಲ ಶೋಭಾ, ಗಲಾಟೆ ಎಲ್ಲ ಏನಿಲ್ಲ’ ಎಂದರು. ಆಮೇಲೆ ಹೋಳಿಗೆ ಮುರಿಯುತ್ತಾ, ಏನೋ ಸಣ್ಣ ಸಂಗತಿ ಎಂಬಂತೆ ಹೇಳಿದರು: ‘ಒಂದೇ ಒಂದು. ಕೂತ್ಕೊಳ್ಳುವ ಮೊದಲು ಕೇಳ್ತಾನೆ — ಅಮ್ಮ, ಇಲ್ಲಿ ಕುರ್ಚಿ ಉಂಟಾ? ಬಾಗಿಲಲ್ಲಿ ಯಾರಾದರೂ ನಿಂತರೆ — ಅಮ್ಮ, ಇವರು ಇದ್ದಾರಾ? ನಾನು ಉಂಟು, ಇದ್ದಾರೆ ಅಂದ ಮೇಲೇ ಒಪ್ಪುದು. ನಾನು ಹೋದ ಮೇಲೆ ಯಾರನ್ನು ಕೇಳ್ತಾನೋ.’

ಎಲೆ ಬಿಟ್ಟು ಎದ್ದೆ. ಕೈತೊಳೆಯುವಲ್ಲಿ ನಿಂತು ಅತ್ತೆ. ಅಳುವುದು ಸುಲಭ, ಅದರಿಂದ ನಿನಗೇನೂ ಆಗಬೇಕಾದ್ದಿಲ್ಲ.

ಆದ್ದರಿಂದ ಹೇಳುತ್ತೇನೆ. ರಘುವನ್ನು ಯಾರೂ ಹಿಡಿದಿರಲಿಲ್ಲ, ಹೊಡೆದಿರಲಿಲ್ಲ. ಅವನು ಕೊನೆಗೆ ಒತ್ತಿಸಿದ ಮೆಸೇಜು ನಿನಗೇ. ಅವನು ಸತ್ತ ಮೇಲಿನದೆಲ್ಲ ನನ್ನದು. ನೀನು ಓದಿದ್ದೆಲ್ಲ ಬಂದಿತ್ತು. ಇದು ರಘು ಅಲ್ಲ ಎಂದು ನೀನು ಕಂಡುಹಿಡಿದದ್ದೂ ಸರಿಯಾಗಿತ್ತು. ನಿನಗೆ ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಇಲ್ಲದ್ದು ಕಂಡಿರಲಿಲ್ಲ.

ಈ ಭಾನುವಾರ ನಾಲ್ಕು ಗಂಟೆಗೆ ಘಣಸೋಲಿಗೆ ಬರುತ್ತೇನೆ. ನಿನ್ನಮ್ಮನಿಗೆ ನಿನ್ನೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೆ ಕೇಳಿ ಫೋನಿಟ್ಟರು. ಸೋಮವಾರ ನಿನ್ನ ಡಾಕ್ಟರ ಬಳಿಗೂ ಬರುತ್ತೇನೆ. ಅವರನ್ನು ಕೇಳದೆ ಗುಳಿಗೆ ಬಿಡಬೇಡ. ಇವನು ಕಂಡದ್ದು ನಿಜ, ಸುಳ್ಳು ಹೇಳಿದವಳು ನಾನು ಎಂದು ನಿನ್ನ ಎದುರೇ ಅವರಿಗೆ ಹೇಳುತ್ತೇನೆ. ಉಳಿದ ಆರು ಜನರ ಮನೆಗೂ ಹೋಗಿ ಹೇಳುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಇದನ್ನು ಗಟ್ಟಿಯಾಗಿ ಓದುತ್ತೇನೆ. ತೆರೆದರೆ, ಬಾಗಿಲಲ್ಲಿ ನಿಂತವಳು ನಿಜವಾಗಿ ಇದ್ದಾಳೆ ವಿನಾಯಕ, ಅಮ್ಮನನ್ನು ಕೇಳಬೇಕಾಗಿಲ್ಲ. ಅಕ್ಕ ಎಂದು ಕರೆಯಬೇಕಾಗಿಯೂ ಇಲ್ಲ.