ಗುಳಿಗೆ ಎಣಿಸುವ ಶಶಿಕಲಾ

ಮಂಗಳವಾರ ಬೆಳಗಿನ ಏಳು ಗಂಟೆ. ಕಾಡುಗೋಡಿಯ ಮೇಲೆ ಮೋಡ ಕವಿದಿದೆ; ಮಳೆ ಎನ್ನೋಣವೆಂದರೆ ಹನಿಯಿಲ್ಲ, ಬಿಸಿಲು ಎನ್ನೋಣವೆಂದರೆ ಸೂರ್ಯನಿಲ್ಲ. ಮೆಟ್ರೊ ನಿಲ್ದಾಣದ ಹಿಂದಿನ ಬೀದಿಯ ಮಹಡಿ ಮನೆಯಲ್ಲಿ ಶಶಿಕಲಾ ಚಾಪೆಯ ಮೇಲೆ ಕೂತು ಔಷಧಿ ಡಬ್ಬಿಯೊಂದನ್ನು ತಟ್ಟೆಗೆ ಬೋರಲು ಹಾಕುತ್ತಾರೆ. ಏನೂ ಬೀಳುವುದಿಲ್ಲ.

"ಎರಡು ಉಳೀಬೇಕಿತ್ತಲ್ಲಮ್ಮಾ?"

"ನುಂಗಿಬಿಟ್ಟೆ ಕಣವ್ವ," ಎನ್ನುತ್ತಾರೆ ಮಹಾಂತಮ್ಮ, ಗೋಡೆ ನೋಡುತ್ತ. ದಾವಣಗೆರೆ ಕಡೆಯವರು, ಚಿಕಿತ್ಸೆಗೆಂದು ಮಗಳ ಮನೆಗೆ ಬಂದು ವರ್ಷವಾಗಿದೆ.

ಶಶಿಕಲಾ ಕಾಡುಗೋಡಿಯವರೇ. ಆಸ್ಪತ್ರೆಯೊಂದರ ಔಷಧಿ ಪರೀಕ್ಷೆಗಾಗಿ ಮನೆಮನೆ ತಿರುಗುವುದು ಅವರ ಕೆಲಸ. ಸ್ತನ ಕ್ಯಾನ್ಸರ್ ಮೈಗೆಲ್ಲ ಹರಡಿದ ಹೆಂಗಸರಿಗೆ ಒಂದು ಗುಳಿಗೆಯ ಜೊತೆ ಇನ್ನೊಂದನ್ನೂ ಕೊಟ್ಟರೆ ಕಾಯಿಲೆಯ ಓಟ ತಗ್ಗೀತೇ ಎಂಬುದು ಅಲ್ಲಿನ ಪ್ರಶ್ನೆ. ಆ ಎರಡನೆಯದು ಕೆಲವರಿಗೆ ನಿಜದ ಔಷಧಿ, ಕೆಲವರಿಗೆ ಅದರಂತೆಯೇ ಕಾಣುವ ಬರೀ ಗುಳಿಗೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಡಬ್ಬಿಯಲ್ಲಿ ಮೂವತ್ತು, ದಿನಕ್ಕೊಂದರಂತೆ ಇಪ್ಪತ್ತೆಂಟು ದಿನ, ಉಳಿದ ಎರಡು ವಾಪಸು ಬರಬೇಕು.

"ಇದು ಔಷಧೀನಾ, ಅಲ್ವಾ ಅಂತ ದಿನಾ ಕೇಳ್ತಾರೆ. ನಂಗೂ ಗೊತ್ತಿಲ್ಲ ಅಂದ್ರೆ ನಂಬಲ್ಲ. 'ಗೊತ್ತಿಲ್ದೆ ಸಂಬಳ ಯಾಕೆ ತಗೋತೀಯ?' ಅಂತ ಒಬ್ರು ಬೈದೇಬಿಟ್ರು," ಎಂದು ನಗುತ್ತಾರೆ ಶಶಿಕಲಾ.

ಜಿಗಣಿಯಿಂದ ಮಹದೇವಪುರದವರೆಗೆ ಬಸ್ಸಿನ ಓಡಾಟ, ದಿನಕ್ಕೆ ಆರೇಳು ಮನೆ. ಮೊದಲು ಇಪ್ಪತ್ತಾರು ಹೆಂಗಸರಿದ್ದರು, ಈಗ ಇಪ್ಪತ್ಮೂರು. ಆ ಮೂವರ ಬೀದಿ ಬಂದಾಗ ದೇವರನ್ನು ನೆನೆದು ಮುಂದೆ ನಡೆಯುತ್ತಾರೆ.

ಇವತ್ತು ಮಾತ್ರ ಅವರಿಗೆ ತಲೆ ಓಡುತ್ತಿಲ್ಲ. ಹೆಚ್ಚಿಗೆ ನುಂಗಿದ್ದರೆ ರಕ್ತ ಕೆಟ್ಟೀತು, ಈಗಲೇ ಔಷಧಿ ನಿಲ್ಲಿಸಬೇಕು. ನುಂಗಿಲ್ಲದಿದ್ದರೆ ಎಲ್ಲಿ ಹೋದವು?

"ನಿನ್ನೆ ಸೋಮವಾರ. ಗುಳಿಗೆ ತಗೊಂಡ್ರಾ?"

"ಸೋಮವಾರ ಹನಿ ನೀರೂ ಮುಟ್ಟಾದಿಲ್ಲ ನಾನು," ಎಂದವರೇ ಮಹಾಂತಮ್ಮ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ನಾಲ್ಕು ಸೋಮವಾರ, ನಾಲ್ಕು ಗುಳಿಗೆ. ಮೇಲೆ ಆ ಎರಡು.

"ಕೆಳಮನೆ ರಾಮಮ್ಮನಿಗೆ ಎತ್ತಿಟ್ಟೀನಿ. ಅವಳಿಗೂ ಇದೇ ಕಾಯಿಲೆ. ಹೃದಯ ಸರಿಯಿಲ್ಲ ಅಂತ ನೀವು ಅವಳನ್ನ ಸೇರಿಸ್ಕಳ್ಲಿಲ್ಲ. ಒಂದೇ ಮೆಟ್ಟಿಲು ಹತ್ತಿಳಿಯೋರು, ನಾನೊಬ್ಳೇ ಹೆಂಗೆ ನುಂಗ್ಲಿ?"

"ಕೊಟ್ಬಿಟ್ರಾ?"

"ಇಲ್ಲ. ಇವತ್ತು ಕೊಡಾಣ ಅಂತಿದ್ದೆ."

ಶಶಿಕಲಾ ಉಸಿರು ಬಿಡುತ್ತಾರೆ. "ಅವರ ಹೃದಯ ಇದನ್ನ ತಡ್ಕೊಳ್ಳಲ್ಲ ಅಂತಲೇ ಬೇಡ ಅಂದಿದ್ದು."

"ಔಷಧೀನೇ ಅಲ್ಲದಿದ್ರೆ?"

"ಆಗಿದ್ರೆ?"

ಕೆಳಗೆ ರಾಮಮ್ಮ ಅಂಗಳಕ್ಕೆ ನೀರು ಹಾಕುವ ಸದ್ದು.

"ನನ್ನನ್ನ ತೆಗೆದುಹಾಕ್ತಾರೇನವ್ವ?"

"ಗೊತ್ತಿಲ್ಲಮ್ಮಾ. ಡಾಕ್ಟರ ಹತ್ರ ನಾನೇ ಮಾತಾಡ್ತೀನಿ. ಆದ್ರೆ ಇದ್ದಿದ್ದು ಇದ್ದಂಗೆ ಬರೀತೀನಿ. ನಾನು ಸುಳ್ಳು ಬರೆದ್ರೆ ನಾಳೆ ಎಷ್ಟೋ ಹೆಂಗಸರು ಆ ಸುಳ್ಳನ್ನೇ ನುಂಗಬೇಕಾಗುತ್ತೆ."

ಮಹಾಂತಮ್ಮ ಎದ್ದು ದೇವರ ಗೂಡಿಗೆ ಹೋಗುತ್ತಾರೆ. ವಿಭೂತಿಯ ಪಕ್ಕದಲ್ಲಿದ್ದ ಪೊಟ್ಟಣ ಬಿಚ್ಚಿ, ಒಂದೊಂದಾಗಿ ತಟ್ಟೆಗೆ ಇಡುತ್ತಾರೆ. ಆರು.